ಒಗೆಯುವ ಕಲ್ಲಿನ ಸಾಕ್ಷಿ

“ಕೇಳಿರಪ್ಪೋ ಕೇಳಿರಿ! ಪೇಟೆ ಬಾಗಿಲ ಹಳೇ ಛತ್ರಕ್ಕೆ ಹೆಸರಿನ ಕಲ್ಲಿಲ್ಲ, ಕಟ್ಟಿಸಿದವರು ಯಾರೋ ಗೊತ್ತಿಲ್ಲ. ವಾರಸುದಾರರಿಲ್ಲದ ಕಟ್ಟಡ ಅರಮನೆಗೆ ಸೇರತಕ್ಕದ್ದು. ಬರುವ ಹುಣ್ಣಿಮೆಗೆ ಅದು ಮಹಾರಾಜರ ಆನೆಲಾಯವಾಗುತ್ತದೆ. ತಕರಾರಿದ್ದವರು ಬಂದು ರಾಜಕುಮಾರಿಯವರ ಮೂರು ಒಗಟು ಬಿಡಿಸಲಿ. ಬಿಡಿಸಿದವರ ಮಾತು ನಡೆಯುತ್ತದೆ. ತಪ್ಪಿದವರ ತಲೆ ಹುಣ್ಣಿಮೆಯ ಮಾರನೆಯ ದಿನ ಹಾರುತ್ತದೆ!”

ಹೊಂಗೆಪುರದ ಬೀದಿಬೀದಿಯಲ್ಲಿ ಹೀಗೆ ಡಂಗುರ ಸಾರಿದರು. ಒಗಟಿನ ಮಾತು ರಾಜಕುಮಾರಿ ಜಕ್ಕಲೆಯದು. ಯಾರದೆಂದು ತಿಳಿಯದೆ ಛತ್ರ ಕಿತ್ತುಕೊಳ್ಳಬಾರದೆಂದು ಅವಳು ಅಪ್ಪನ ಹತ್ತಿರ ಹಟ ಹಿಡಿದಿದ್ದಳು. ತಲೆಯ ಮಾತು ಮಾತ್ರ ಮಹಾರಾಜರದು. ಅಷ್ಟು ಹೆದರಿಸಿದರೆ ಯಾವ ನರಪಿಳ್ಳೆಯೂ ಅರಮನೆ ಕಡೆ ಸುಳಿಯುವುದಿಲ್ಲ ಎಂದುಕೊಂಡಿದ್ದರು.

ಡಂಗುರ ಕೇಳಿ ಮಾಚ ಕೈಯಲ್ಲಿದ್ದ ಬಟ್ಟೆ ಬಿಟ್ಟು ಛತ್ರಕ್ಕೆ ಓಡಿದ. ಅವನು ಮಡಿವಾಳ. ಅವನೂ ಅವನ ಅಜ್ಜಿಯೂ ಇದ್ದದ್ದು ಆ ಛತ್ರದ ಹಿಂಜಗಲಿಯಲ್ಲಿ, ಹೊಟ್ಟೆ ಹೊರೆದದ್ದು ಅಲ್ಲಿ ಇಳಿಯುವ ದಾರಿಹೋಕರ ಬಟ್ಟೆ ಒಗೆದು. ಛತ್ರ ಹೋದರೆ ಅಜ್ಜಿಯನ್ನು ಎಲ್ಲಿ ಮಲಗಿಸುವುದು?

“ಆನೆ ಪಕ್ಕದಲ್ಲೇ ಮಲಗ್ತೀನಿ ಬಿಡೋ,” ಎಂದು ಅಜ್ಜಿ ನಕ್ಕಳು. “ನಿನ್ನ ಗೊರಕೆ ಸಹಿಸಿದೋಳಿಗೆ ಆನೆ ಗೊರಕೆ ಯಾವ ಲೆಕ್ಕ?” ನಗುವಾಗ ಅವಳ ಕಣ್ಣು ಒದ್ದೆಯಾಗಿದ್ದು ಮಾಚನಿಗೆ ಕಾಣದೆ ಇರಲಿಲ್ಲ. ಬೆಳಗಾಗುತ್ತಲೇ ಅರಮನೆಗೆ ನಡೆದ.

ಅಲ್ಲಿ ಆಗಲೇ ಇಬ್ಬರು ನಿಂತಿದ್ದರು. ಛತ್ರವನ್ನು ತನ್ನ ಮಳಿಗೆ ಮಾಡಿಕೊಳ್ಳಬೇಕೆಂದಿದ್ದ ಜವಳಿ ಸಾಹುಕಾರ ಪುಟ್ಟಯ್ಯಶೆಟ್ಟರು ಒಬ್ಬರು, ಅದು ತಮ್ಮ ಪಾಠಶಾಲೆಯಾಗಬೇಕೆಂದಿದ್ದ ನರಹರಿ ಪಂಡಿತರು ಇನ್ನೊಬ್ಬರು. ಬಟ್ಟೆ ಗಂಟು ಹೊತ್ತು ಬಂದ ಮಾಚನನ್ನು ನೋಡಿ ಶೆಟ್ಟರು, “ಒಗೆಯೋಕೆ ಹಿತ್ತಿಲ ಬಾಗಿಲಿಗೆ ಹೋಗಪ್ಪ,” ಎಂದರು.

ತುಂಬಿದ ಸಭೆಯಲ್ಲಿ, ಮಹಾರಾಜರ ಎದುರಿಗೆ, ಜಕ್ಕಲೆ ಮೂವರನ್ನೂ ಸಾಲಾಗಿ ನಿಲ್ಲಿಸಿ ಕೇಳಿದಳು: “ಒಂದು ಮನೆ. ಅದನ್ನು ಕಟ್ಟಿಸಿದವನು ಅಲ್ಲಿ ಮಲಗುವುದಿಲ್ಲ. ಮಲಗುವವನು ಅದನ್ನು ತನ್ನದು ಎನ್ನುವುದಿಲ್ಲ, ಬೆಳಗಾದರೆ ಹರಸಿ ಹೊರಡುತ್ತಾನೆ. ಯಾವುದು ಆ ಮನೆ?”

“ಸೆರೆಮನೆ!” ಎಂದರು ಶೆಟ್ಟರು, ಯಾರಾದರೂ ಮೊದಲೇ ಹೇಳಿಬಿಟ್ಟಾರೆಂದು.

“ಸೆರೆಮನೆಯಿಂದ ಹರಸಿ ಹೊರಟವರನ್ನು ನಾನು ಕಂಡಿಲ್ಲ. ನೀವೇ ಹೋಗಿ ನೋಡಿ ಬನ್ನಿ,” ಎಂದಳು ರಾಜಕುಮಾರಿ. ಶೆಟ್ಟರನ್ನು ಭಟರು ಕರೆದೊಯ್ದರು.

“ಛತ್ರ, ಅಮ್ಮಣ್ಣಿ,” ಎಂದ ಮಾಚ. “ನಾನು ದಿನಾ ನೋಡ್ತೀನಿ.”

“ನಾನೂ ಅದನ್ನೇ ಹೇಳುವವನಿದ್ದೆ,” ಎಂದರು ಪಂಡಿತರು.

“ಹಾಗಾದರೆ ಎರಡನೆಯದಕ್ಕೆ ನೀವೇ ಮೊದಲು ಹೇಳಿ. ಸೂರ್ಯನೂ ಚಂದ್ರನೂ ಅಕ್ಕಪಕ್ಕ ಇರುತ್ತಾರೆ. ಹಗಲಲ್ಲಿ ಚಂದ್ರ ಮಾಸುವುದಿಲ್ಲ, ಇರುಳಲ್ಲಿ ಸೂರ್ಯ ಮುಳುಗುವುದಿಲ್ಲ. ಅವರ ಕೆಳಗೆ ಬಾಯಿಲ್ಲದವನೊಬ್ಬ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಾನೆ.”

“ಆಕಾಶ! ಬಾಯಿಲ್ಲದವನು ಗುಡುಗು!”

“ಆಕಾಶದ ಸೂರ್ಯ ದಿನಾ ಮುಳುಗುತ್ತಾನಲ್ಲ ಪಂಡಿತರೇ?”

ಪಂಡಿತರೂ ಶೆಟ್ಟರ ಜೊತೆಗೆ ಹೋದರು. ಮಾಚ ತಲೆ ಕೆರೆದುಕೊಂಡ. “ಶಾಸನದ ಕಲ್ಲು ಅಲ್ವೇ ಅಮ್ಮಣ್ಣಿ? ಬರೆದ ಮಾತು ಸೂರ್ಯ ಚಂದ್ರ ಇರೋ ತನಕ ಉಳೀಲಿ ಅಂತ ಇಬ್ಬರನ್ನೂ ಮೇಲೆ ಕೆತ್ತಿರ್ತಾರೆ. ನಾನು ಬಟ್ಟೆ ಒಗೆಯೋ ಕಲ್ಲಿನಲ್ಲೂ ಅವರಿದಾರೆ. ದಿನಾ ಅವರ ಮುಖಕ್ಕೇ ಬಡೀತೀನಿ.”

ಸಭೆಯೆಲ್ಲ ಘೊಳ್ಳೆಂದು ನಕ್ಕಿತು. ಜಕ್ಕಲೆ ನಗಲಿಲ್ಲ. “ಮೂರನೆಯದು ಕೇಳು. ಛತ್ರ ಕಟ್ಟಿಸಿದವರು ಸತ್ತಿದ್ದಾರೆ, ಅವರನ್ನು ಕಂಡವರೂ ಸತ್ತಿದ್ದಾರೆ. ಆದರೂ ತಾವು ಯಾರೆಂದು ಅವರೇ ಹೇಳಬೇಕು, ನಾನು ಕೇಳಬೇಕು.” ಅವಳ ದನಿ ಸಣ್ಣಗಾಗಿತ್ತು. ಈ ಒಗಟಿಗೆ ಉತ್ತರ ಅವಳಿಗೂ ಗೊತ್ತಿರಲಿಲ್ಲ.

“ಹೊತ್ತು ಮುಳುಗುವುದರೊಳಗೆ,” ಎಂದರು ಮಹಾರಾಜರು ಹೋಳಿಗೆ ಮುರಿಯುತ್ತ.

ಮಾಚ ಹೊಳೆಗೆ ಓಡಿದ. ಒಗೆಯುವ ಕಲ್ಲು ಹಿಂದೆಂದೋ ಪ್ರವಾಹದಲ್ಲಿ ಛತ್ರದ ಬಾಗಿಲಿಂದ ಉರುಳಿ ಬಂದದ್ದೆಂದು ಅಜ್ಜಿ ಹೇಳುತ್ತಿದ್ದಳು. ಅಗಸರ ಕಟ್ಟೆಗೆ ಓದುಬಲ್ಲವರು ಯಾರೂ ಕಾಲಿಡುತ್ತಿರಲಿಲ್ಲ, ಮಾಚನಿಗೆ ಓದು ಬರುತ್ತಿರಲಿಲ್ಲ. ಹೋದ ವರ್ಷ ಆ ಕಲ್ಲಿನ ಮೇಲೆ ಒಣಹಾಕಿದ್ದ ಶೆಟ್ಟರ ಪಂಚೆಯಲ್ಲಿ ಅಕ್ಷರ ಮೂಡಿ ಬೇಕಾದಷ್ಟು ಬೈಸಿಕೊಂಡಿದ್ದ. ಇವತ್ತು ಬೇಕೆಂದೇ ಒದ್ದೆ ಬಿಳಿ ಬಟ್ಟೆ ಹಾಸಿ, ಕೆತ್ತಿದ ಗೆರೆಗಳೊಳಗೆ ಇಳಿಯುವಂತೆ ಅಂಗೈಯಲ್ಲಿ ತಟ್ಟಿ, ಮೇಲೆ ದೀಪದ ಮಸಿ ಒರೆಸಿದ. ಕಪ್ಪಿನ ನಡುವೆ ಬೆಳ್ಳಗೆ ಅಕ್ಷರ ಎದ್ದವು.

ಬಟ್ಟೆ ಮಡಚಿಕೊಂಡು ಅರಮನೆಯ ಮೆಟ್ಟಿಲು ಹತ್ತಿದ. ಯಾರದೋ ಹೊಲದ ಗಡಿಯ ಮಾತು ಅದರಲ್ಲಿದ್ದರೆ ತಲೆಯೂ ಹೋಯಿತು, ಅಜ್ಜಿಯ ಜಗಲಿಯೂ ಹೋಯಿತು. “ಏನು ಬರೆದಿದೆಯೋ ನನಗೆ ಗೊತ್ತಿಲ್ಲ, ಅಮ್ಮಣ್ಣಿ. ಅವರೇ ಹೇಳಲಿ,” ಎಂದು ಬಟ್ಟೆ ಬಿಡಿಸಿದ.

ಜಕ್ಕಲೆ ಓದಿದಳು: “ನಾನು ಉಪ್ಪು ಮಾರುವ ಸಂಕವ್ವೆ. ಈ ದಾರಿಯಲ್ಲಿ ಮಳೆ ಬಂದು, ನಿಲ್ಲಲು ಸೂರಿಲ್ಲದೆ ನನ್ನ ಉಪ್ಪೆಲ್ಲ ಕರಗಿತು. ಇನ್ನೊಬ್ಬರದು ಕರಗದಿರಲೆಂದು ಈ ಛತ್ರ ಕಟ್ಟಿಸಿದೆ. ಇದು ದಾರಿಹೋಕರದು. ಇದನ್ನು ಕಸಿದುಕೊಂಡವನ ನಾಲಿಗೆಗೆ ಸಾಯುವ ತನಕ ಉಪ್ಪಿನ ರುಚಿ ಹತ್ತದಿರಲಿ.”

ಮಹಾರಾಜರ ಕೈಯ ಹೋಳಿಗೆ ತಟ್ಟೆಗೆ ಬಿತ್ತು. ದಿನಕ್ಕೆ ಐದು ಬಾರಿ ಊಟ ಮಾಡುವವರು ಅವರು. “ಸಾಯುವ ತನಕವೇ? ಉಪ್ಪಿನಕಾಯಿಗೂ?” ಎಂದು ಕೇಳಿದರು.

“ಅದಕ್ಕೂ ಅಪ್ಪಾಜಿ.”

“ಆನೆಗಳು ಬಯಲಲ್ಲೇ ಇರಲಿ!”

ಜಕ್ಕಲೆ ಸಂತೋಷ ತಡೆಯಲಾರದೆ ಚಪ್ಪಾಳೆ ತಟ್ಟಿದಳು. ಸಂಕವ್ವೆಯ ಕಲ್ಲನ್ನು ಛತ್ರದ ಬಾಗಿಲಲ್ಲಿ ನಿಲ್ಲಿಸಬೇಕೆಂದೂ, ಛತ್ರದ ಪಾರುಪತ್ಯ ಇನ್ನು ಮಾಚನದೆಂದೂ ಅಪ್ಪಣೆಯಾಯಿತು. ಅವನ ಕೋರಿಕೆಯಂತೆ ಶೆಟ್ಟರನ್ನೂ ಪಂಡಿತರನ್ನೂ ಬಿಟ್ಟರು. ಸೆರೆಮನೆಯಿಂದ ಹರಸಿ ಹೊರಟವರು ಅವರಿಬ್ಬರೇ.

“ಇನ್ನೇನು ಬೇಕು ಕೇಳಯ್ಯ,” ಎಂದರು ಮಹಾರಾಜರು.

“ಒಗೆಯೋಕೆ ಒಂದು ಕಲ್ಲು ಬೇಕು ಬುದ್ಧಿ. ಇದ್ದದ್ದು ಬಾಗಿಲಿಗೆ ಹೋಯ್ತು.”

ಆನೆಲಾಯಕ್ಕೆಂದು ತಮ್ಮ ಹೆಸರು, ಬಿರುದು ಎಲ್ಲ ಕೆತ್ತಿಸಿಟ್ಟಿದ್ದ ಕಲ್ಲೊಂದು ಅರಮನೆಯಲ್ಲಿ ದಂಡವಾಗಿ ಬಿದ್ದಿತ್ತು. ಅದನ್ನೇ ಕೊಟ್ಟರು. ಮಾಚ ಕೈಮುಗಿದ.

“ನಂದೂ ಒಂದು ಒಗಟು ಬುದ್ಧಿ. ಹೆಸರು ಮೇಲೆ ಮಾಡಿ ಹಾಕಿದರೆ ದಿನಾ ಏಟು ತಿನ್ನುತ್ತೆ. ಕೆಳಗೆ ಮಾಡಿದರೆ ಯಾರ ಕಣ್ಣಿಗೂ ಬೀಳಲ್ಲ. ಹೆಂಗೆ ಹಾಕಲಿ?”

ಮಹಾರಾಜರು ಬಹಳ ಹೊತ್ತು ಯೋಚಿಸಿದರು. ತಪ್ಪಿದರೆ ತಲೆ ಹೋಗುವ ಭಯ ಅವರಿಗಿರಲಿಲ್ಲ, ಆದರೂ ಬೆವರಿದರು.

“ಮೇಲೇ ಇರಲಯ್ಯ,” ಎಂದರು ಕೊನೆಗೆ. “ಯಾರ ಪಂಚೆಯ ಮೇಲಾದರೂ ಮೂಡಲಿ.”