ಗಂಟೆ ಲೆಕ್ಕದ ಇಡ್ಲಿ

ಕಾಲು ಚಾಚಿ ಕೂತ್ಕೊಳ್ರಮ್ಮ, ಹೇಳ್ತೀನಿ.

ಬಟ್ಟೆ ಕಾರ್ಖಾನೆಯ ಮೇಡಂ, ಫ್ಯಾನಿನ ಕೆಳಗಿನ ಹೊಲಿಗೆ ಮಿಷನ್ನನ್ನು ಚುರುಕುಗೈಯ ಗೌರಕ್ಕನಿಗೆ ಕೊಟ್ಟರು. ಸೂಪರ್‌ವೈಸರ್ ಹಾಲಪ್ಪನಿಗೆ ಹೊಟ್ಟೆಕಿಚ್ಚು ತಡೆಯಲಿಲ್ಲ. ಅವಳು ಬೆಳಗಿನ ಮೊದಲ ಗಂಟೆಯಲ್ಲಿ ಹೊಲಿದ ಕಾಲರ್ ಎಣಿಸಿ, ಕಂಪ್ಯೂಟರಿನ ಎಕ್ಸೆಲ್ ಪಟ್ಟಿಯಲ್ಲಿ ಅದೇ ಲೆಕ್ಕವನ್ನು ಸಂಜೆವರೆಗಿನ ಪ್ರತಿ ಗಂಟೆಗೂ ಎಳೆದು ತುಂಬಿದ.

"ಗಂಟೆಗಂಟೆಗೂ ಇಷ್ಟೇ ಆಗಬೇಕು. ಇಲ್ಲಾಂದ್ರೆ ಫ್ಯಾನು ಬಿಟ್ಟು ಏಳು!"

"ಆಗಲಿ ಸಾರ್."

ಮರುದಿನ ಗೌರಕ್ಕ ಬಿಸಿ ಇಡ್ಲಿ ತಂದಳು. ಹಸಿದಿದ್ದ ಹಾಲಪ್ಪ ಹತ್ತೇ ನಿಮಿಷದಲ್ಲಿ ಆರು ನುಂಗಿದ. ಅವಳು ದೊಡ್ಡ ಡಬರಿಯನ್ನೇ ಮುಂದಿಟ್ಟಳು.

"ಗಂಟೆಗೆ ಮೂವತ್ತಾರು ಸಾರ್. ಸಂಜೆವರೆಗೂ ಹೀಗೇ ತಿನ್ನಿ."

"ಅಯ್ಯೋ, ಹಸಿವಿದ್ದಾಗಿನ ವೇಗ ಆಮೇಲೂ ಇರುತ್ತಾ?"

"ಅದನ್ನೇ ನಿಮ್ಮ ಕಂಪ್ಯೂಟರಿಗೂ ಹೇಳಿ ಸಾರ್."

ಬಾಗಿಲಲ್ಲಿದ್ದ ಮೇಡಂ ಬಿದ್ದು ಬಿದ್ದು ನಕ್ಕರು, ಆ ಲೆಕ್ಕ ಅಳಿಸಿ ಹಾಕಿಸಿದರು. ಗೌರಕ್ಕ ಫ್ಯಾನಿನ ಕೆಳಗೇ ಉಳಿದಳು. ಹಾಲಪ್ಪ ಮಾತ್ರ ಇವತ್ತಿಗೂ ಆ ಫ್ಯಾನು ನೋಡಿದರೆ ಬೆವರ್ತಾನೆ.