ಎದ್ದು ನಿಲ್ಲದ ಯುವರಾಜನೂ ಬಿಸ್ಕತ್ತಿನ ಒಗಟೂ

"ಕಲ್ಬಾರೆ ಸೀಮೆಯ ಜನರೆಲ್ಲ ಕೇಳಿ! ಯುವರಾಜರು ಬಿಸ್ಕತ್ತು ಬಿಟ್ಟು ಬೇರೇನೂ ಮುಟ್ಟುತ್ತಿಲ್ಲ. ಕೆನ್ನೆ ಊದಿದೆ, ಕಾಲು ನಿಲ್ಲುತ್ತಿಲ್ಲ. ದೊರೆಯ ಮೂರು ಒಗಟು ಬಿಡಿಸಿದವರಿಗೆ ಅರಮನೆಯ ಅಡುಗೆಮನೆಯ ಯಜಮಾನಿಕೆ, ಕೇಳಿದ ಉಡುಗೊರೆ. ತಪ್ಪಿದವರಿಗೆ ಸಂಜೆಗೆ ಶಿರಚ್ಛೇದ!"

ಇಷ್ಟು ಸಾರಿ ಡಂಗುರದವನು ಎಲೆಅಡಿಕೆ ಹಾಕಿಕೊಂಡ. ಅವನಿಗೇನು, ಹೋಗುವ ತಲೆ ಬೇರೆಯವರದು. ರಾಗಿ ಬೀಸಿಕೊಡುವ ಕರಿಲಿಂಗ ಮಾತ್ರ ಬೀಸುವುದನ್ನು ನಿಲ್ಲಿಸಿ ಎದ್ದ. ಅರಮನೆಗೆ ಬಿಸ್ಕತ್ತು ಮಾಡುತ್ತಿದ್ದವನು ಅವನ ಅಣ್ಣ ದೊಡ್ಡಲಿಂಗ. ಮಗುವನ್ನು ಕೆಡಿಸಿದನೆಂದು ಅವನು ಆಗಲೇ ಸೆರೆಯಲ್ಲಿದ್ದ, ಅವನ ತಲೆಯೂ ಅದೇ ಸಂಜೆ ಉರುಳಬೇಕಿತ್ತು. ಅಣ್ಣನನ್ನು ಉಳಿಸಲು ಕರಿಲಿಂಗ ಹೆದರುತ್ತಲೇ ಅರಮನೆಗೆ ಹೊರಟ.

ಅಲ್ಲಿ ಅವನಿಗಿಂತ ಮುಂದೆ ಒಬ್ಬ ಮಿಠಾಯಿಯವನೂ ಒಬ್ಬ ವೈದ್ಯರೂ ನಿಂತಿದ್ದರು. ಯುವರಾಜನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ದೊರೆ ಕೇಳಿದ: "ನಾಲಿಗೆ ಹೊಗಳುತ್ತದೆ, ಮೂಳೆ ಶಪಿಸುತ್ತದೆ. ಹೊಟ್ಟೆ ತುಂಬಿದರೂ ಮೈಗೆ ಹತ್ತುವುದಿಲ್ಲ. ಏನದು?"

ಮಿಠಾಯಿಯವನು ನೀರೆಂದ. ವೈದ್ಯರು ಗಡ್ಡ ನೀವಿಕೊಂಡು ಹೆಂಡವೆಂದರು. ಇಬ್ಬರನ್ನೂ ಹಿತ್ತಲಿಗೆ ಎಳೆದೊಯ್ದರು. ಅಲ್ಲಿ ಕತ್ತಿ ಮಸೆಯುವ ಸದ್ದು ನಿಲ್ಲಲೇ ಇಲ್ಲ.

ಕರಿಲಿಂಗನಿಗೆ ಉತ್ತರ ಗೊತ್ತಿತ್ತು. ಹೇಳಿದರೆ ಅಣ್ಣನ ತಪ್ಪನ್ನು ತಾನೇ ಒಪ್ಪಿಕೊಂಡಂತೆ, ಹೇಳದಿದ್ದರೆ ಅಣ್ಣತಮ್ಮ ಇಬ್ಬರ ತಲೆಯೂ ಹೋದಂತೆ. ಕೊನೆಗೆ ಹೇಳಿಯೇಬಿಟ್ಟ.

"ನಮ್ಮಣ್ಣ ಮಾಡಿದ ಬಿಸ್ಕತ್ತು, ಬುದ್ಧಿ. ಬರೀ ಮೈದಾ, ಸಕ್ಕರೆ."

ದೊರೆ ಎರಡನೆಯದನ್ನು ಕೇಳಿದ: "ಕಪ್ಪಗಿನದು ತಿಂದರೆ ಒಳಗಿನ ಬಿಳಿಯದು ಗಟ್ಟಿಯಾಗುತ್ತದೆ. ಏನದು?"

"ರಾಗಿ, ಕರಿ ಎಳ್ಳು. ಅದರಲ್ಲಿ ಬಿಸ್ಕತ್ತು ಮಾಡಿದ್ರೆ ಮೂಳೆಗೆ ಬಲ."

ದೊರೆಯ ದನಿ ತಗ್ಗಿತು. "ಮನೆಯಲ್ಲೇ ಮಾಡಿದ್ದು, ಒಳ್ಳೆಯದನ್ನೇ ಹಾಕಿದ್ದು. ಆ ಬಿಸ್ಕತ್ತು ತಿಂದೂ ಮಗು ಕೆಡುತ್ತದೆ. ಕೆಡಿಸುವುದು ಯಾವುದು?"

ಕರಿಲಿಂಗ ಹಿಟ್ಟು, ಎಳ್ಳು, ಬೆಲ್ಲ ಎಂದು ಬೆರಳೆಣಿಸತೊಡಗಿದ. ಅಷ್ಟರಲ್ಲಿ ತೊಡೆಯ ಮೇಲಿದ್ದ ಮಗು ಅತ್ತಿತು. ದೊರೆ ಅತ್ತ ನೋಡದೆಯೇ ಪಕ್ಕದ ಡಬ್ಬಿಯಿಂದ ಬಿಸ್ಕತ್ತು ತೆಗೆದು ಅದರ ಕೈಗಿಟ್ಟ. ಕರಿಲಿಂಗ ಆ ಕೈಯನ್ನೇ ನೋಡಿದ. ಉತ್ತರ ಸಿಕ್ಕಿತ್ತು, ಆದರೆ ಅದನ್ನು ದೊರೆಯ ಎದುರು ಆಡುವುದು ಹೇಗೆ?

"ಕೊಡೋ ಕೈ, ಬುದ್ಧಿ," ಎಂದ. "ಅತ್ತಾಗಲೆಲ್ಲ ಊಟದ ಬದಲು ಬಿಸ್ಕತ್ತು ಕೊಡೋ ಕೈ. ರಾಗೀದೇ ಆಗ್ಲಿ, ಅದು ಊಟ ಅಲ್ಲ. ನಮ್ಮಣ್ಣ ಮಾಡಿದ್ದು ತಪ್ಪೇ. ಆದ್ರೆ ತಿನ್ನಿಸಿದ್ದು ಅವನಲ್ಲ."

ದೊರೆ ತನ್ನ ಅಂಗೈ ನೋಡಿಕೊಂಡ.

"ತಾಯಿಯಿಲ್ಲದ ಮಗು. ಬೇಡ ಎನ್ನಲು ನನ್ನಿಂದ ಆಗಲಿಲ್ಲ. ಇದನ್ನು ಯಾರಾದರೂ ನನ್ನ ಮುಖಕ್ಕೆ ಹೇಳಲಿ ಎಂದೇ ಒಗಟು ಕಟ್ಟಿದೆ. ಏನು ಬೇಕು ಕೇಳು."

ಕರಿಲಿಂಗ ಅಣ್ಣನ ಜೀವ ಕೇಳಿದ, ಹಿತ್ತಲಲ್ಲಿದ್ದ ಇಬ್ಬರ ಜೀವವನ್ನೂ ಕೇಳಿದ. ಕತ್ತಿಯ ಸದ್ದು ನಿಂತಿತು, ಅಡುಗೆಮನೆಯ ಬೀಗದಕೈ ಅವನ ಕೈಸೇರಿತು.

ಆಗ ಮಗು ಮತ್ತೆ ಡಬ್ಬಿಗೆ ಕೈಚಾಚಿ ರಚ್ಚೆ ಹಿಡಿಯಿತು. ಅಷ್ಟು ತಲೆಗಳಿಗೆ ಕತ್ತಿ ಮಸೆಸಿದ್ದ ದೊರೆ ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು, "ಬೇಗ ಅನ್ನ ತಾರಪ್ಪಾ," ಎಂದು ಕರಿಲಿಂಗನನ್ನು ಬೇಡಿಕೊಂಡ.