ಕಾಲುದಾರಿ ಹೊಳೆಯನ್ನು ಬಿಟ್ಟು ಕಾಡಿಗೆ ತಿರುಗಿದ್ದು

ಭೂಮಿಯ ಮಣ್ಣು ಇನ್ನೂ ಹಸಿಹಸಿಯಾಗಿತ್ತು. ಹೂವುಗಳಿಗೆ ಬಣ್ಣ ಹಚ್ಚಿ ಮುಗಿದಿರಲಿಲ್ಲ. ಆ ಕಾಲದಲ್ಲಿ ಹೊಳೆ ಮತ್ತು ಕಾಲುದಾರಿ ಅಕ್ಕತಂಗಿಯರಾಗಿದ್ದರು.

ಹೊಳೆ ಅಕ್ಕ, ಕಾಲುದಾರಿ ತಂಗಿ. ಅಕ್ಕ ಬಳುಕಿದಲ್ಲಿ ತಂಗಿಯೂ ಬಳುಕುವಳು. ಅಕ್ಕ ನೇರ ಹೋದರೆ ತಂಗಿಯೂ ನೇರ.

“ಸಮುದ್ರ ಹೇಗಿರುತ್ತದೆ, ಅಕ್ಕಾ?”

“ನಾನೇನು ಕಂಡಿದ್ದೇನೆಯೇ? ಇಬ್ಬರೂ ಹೋಗಿ ನೋಡೋಣ, ಬಾ.”

ಒಂದು ಸಲ ಗಾಳಿ ಸಮುದ್ರದ ಕಡೆಯಿಂದ ಉಪ್ಪಿನ ವಾಸನೆ ಹೊತ್ತು ತಂದಿತು. ಅಂದಿನಿಂದ ಕಾಲುದಾರಿಗೆ ಬೇರೇನೂ ಬೇಡವಾಯಿತು. ನೇರಳೆ ಮರ ಹಣ್ಣು ಉದುರಿಸಿದರೂ ನೋಡಲಿಲ್ಲ. ಹೊಂಗೆ ಮರ ನೆರಳು ಹಾಸಿದರೂ ನಿಲ್ಲಲಿಲ್ಲ.

ಹಣ್ಣು ಆರಿಸಲು ಬಂದ ಮಾದವ್ವ ಮತ್ತು ಅವಳ ಮಗಳು ಕೆಂಚಿ ಆ ದಾರಿ ಹಿಡಿದು ಮನೆಯಿಂದ ಬಹಳ ದೂರ ಬಂದುಬಿಟ್ಟರು.

“ಅವ್ವಾ, ಕಾಲು ನೋಯ್ತದೆ. ಮನೆ ಎಲ್ಲಿ?”

“ಇಗೋ, ಬಂದೇಬಿಡ್ತು.”

“ಆಗಲೂ ಹಂಗೇ ಅಂದೆ! ಎತ್ಕೋ.”

“ಕಂಕುಳಲ್ಲಿ ನಿನ್ನ ತಮ್ಮ, ತಲೆ ಮೇಲೆ ಬುಟ್ಟಿ. ನನಗೇನು ಬಾಲ ಇದೆಯಾ, ನಿನ್ನನ್ನ ಅದಕ್ಕೆ ಕಟ್ಕೊಳ್ಳೋಕೆ?”

ಕೆಂಚಿ ನಕ್ಕಳು. ಆದರೆ ಕಾಲು ಏಳಲಿಲ್ಲ.

ಅಷ್ಟರಲ್ಲಿ ನೆಲ ಮುಗಿದು ಬಂಡೆಗಳು ಬಂದವು. ಅವುಗಳಾಚೆ ಆಳವಾದ ಕಣಿವೆ.

“ತಂಗೀ, ಹಾರು! ಇಲ್ಲಿಂದ ಬರೀ ಇಳಿಜಾರು!” ಎಂದಳು ಹೊಳೆ.

ಕಾಲುದಾರಿ ಬಂಡೆಯ ಅಂಚಿಗೆ ಬಂದಳು. ಕೆಳಗಿನಿಂದ ಉಪ್ಪಿನ ವಾಸನೆ ಬರುತ್ತಿತ್ತು. ಒಂದೇ ಒಂದು ನೆಗೆತ ಸಾಕಿತ್ತು. ಆದರೆ ಅವಳ ಬೆನ್ನ ಮೇಲೆ ಕೆಂಚಿಯ ಪುಟ್ಟ ಹಿಮ್ಮಡಿ ಇತ್ತು. ದಾರಿಯೇ ಹಾರಿಹೋದರೆ ಈ ಮಗು ಮನೆ ಸೇರುವುದು ಹೇಗೆ?

“ಅಕ್ಕಾ, ಸ್ವಲ್ಪ ನಿಲ್ಲೇ. ಇವಳನ್ನು ಮನೆ ಮುಟ್ಟಿಸಿ ಬರ್ತೀನಿ.”

“ನಿಲ್ಲೋಕೆ ನನಗೆ ಬರಲ್ಲವಲ್ಲೇ!” ಹೊಳೆ ಬಂಡೆಗೆ ಬಡಿದು ಹಿಂದಕ್ಕೆ ಹೊರಳಿದಳು. “ಇಲ್ಲೇ ಸುತ್ತುತ್ತಾ ಇರ್ತೀನಿ. ಬೇಗ ಬಾ.”

ಬಂದ ದಂಡೆಯಲ್ಲೇ ಮರಳಿದರೆ ಅಕ್ಕ ಎದುರಿಗೇ ಹರಿದು ಬರುತ್ತಾಳೆ. ಅವಳ ಮುಖ ನೋಡಿದರೆ ಮನಸ್ಸು ಕರಗಿಬಿಡುತ್ತದೆ. ಅದಕ್ಕೇ ತಂಗಿ ಕಾಡಿನೊಳಗೆ ತಿರುಗಿದಳು. ಹುತ್ತವನ್ನು ಬಳಸಿದಳು, ಬಿದಿರ ಮೆಳೆಯನ್ನು ಬಳಸಿದಳು. ಕೆಂಚಿಗೆ ಏರು ಸಿಗದಂತೆ ಮೆಲ್ಲಗೆ ಮೈ ಚಾಚಿದಳು. ಗುಡಿಸಲಿನ ಹೊಗೆ ಕಂಡದ್ದೇ ಕೆಂಚಿ ಓಡಿದಳು.

ಕಾಲುದಾರಿಯೂ ಹೊಳೆಯತ್ತ ಓಡಬೇಕು, ಅಷ್ಟರಲ್ಲಿ ಪಕ್ಕದ ಗುಡಿಸಲ ಮಕ್ಕಳು “ನಾವೂ ಬರ್ತೀವಿ!” ಎಂದು ಬೆನ್ನೇರಿದರು. ಬಂಡೆಯ ಹತ್ತಿರ ಬರುವಷ್ಟರಲ್ಲಿ ಅವರಿಗೂ ಕಾಲು ನೋವು. ಮತ್ತೆ ಕಾಡು, ಮತ್ತೆ ಮನೆ. ಯಾವಾಗ ಹೊರಟರೂ ಬೆನ್ನ ಮೇಲೆ ಯಾವುದಾದರೂ ಪುಟ್ಟ ಪಾದ.

ಅಕ್ಕ ಸುತ್ತಿ ಸುತ್ತಿ ಕಾದ ಜಾಗ ಮಡುವಾಯಿತು.

ಒಮ್ಮೆ ಕೆಂಚಿ ಅವ್ವನ ಕೈ ಹಿಡಿದು ಮಡುವಿನ ಅಂಚಿನಲ್ಲಿ ಕಾಲು ತೊಳೆದಳು. ಪಾದದ ಕೆಂಪು ಮಣ್ಣು ನೀರಿಗಿಳಿಯಿತು.

“ಇದು ನನ್ನ ತಂಗಿಯ ಮೈಮಣ್ಣು!” ಎಂದಳು ಹೊಳೆ. ಅದರ ಸುತ್ತ ಒಮ್ಮೆ ಸುತ್ತಿ ಬಂದು, ಎದೆಗವಚಿಕೊಂಡು ಬಂಡೆಯಿಂದ ಹಾರಿದಳು. ಆ ಕೆಂಪು ಎಳೆ ಕಣ್ಮರೆಯಾಗುವವರೆಗೂ ಕಾಲುದಾರಿ ನೋಡುತ್ತಲೇ ಇದ್ದಳು.

ಅದಕ್ಕೇ ಮಗೂ, ಇವತ್ತಿಗೂ ಹೊಳೆಯ ಪಕ್ಕದ ದಾರಿ ಬಂಡೆಯವರೆಗೆ ಹೋಗಿ, ಕಾಡು ಬಳಸಿ, ಹೊರಟ ಕಡೆಗೇ ನಿನ್ನನ್ನು ತಂದು ಬಿಡುತ್ತದೆ. ಮಡುವಿನಲ್ಲಿ ನೀನು ಕಾಲಿಟ್ಟರೆ ನೀರು ಮೊದಲು ನಿನ್ನ ಪಾದವನ್ನು ಸುತ್ತುತ್ತದೆ, ಒಂದಿಷ್ಟು ಕೆಂಪು ಮಣ್ಣು ತೆಗೆದುಕೊಂಡೇ ಸಮುದ್ರಕ್ಕೆ ಹೊರಡುತ್ತದೆ.